ಕೇಳಿಸಿಕೊಂಡಿದ್ದಕ್ಕೆ ಅಂಕ

ತಮಿಳು ಸೀಮೆಯ ಮಾಧವರಂನ ಒಂದು ಖಾಸಗಿ ಶಾಲೆಯಲ್ಲಿ ಸುಮತಿ ಪರಿಸರ ವಿಜ್ಞಾನದ ಟೀಚರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಶಾಲೆಯ ಮಾಲೀಕ ಕೃಷ್ಣಪ್ರಸಾದರು ಕನ್ನಡದವಳು, 'ನಮ್ಮೋರ ಹುಡುಗಿ' ಎಂದೇ ಕೆಲಸ ಕೊಟ್ಟಿದ್ದರು. ಎಲ್ಲರ ಮುಂದೆ ಅವರದು ಇಂಗ್ಲಿಷು. ಕನ್ನಡಕ್ಕಿಳಿದರೆಂದರೆ ಬೇರೆಯವರಿಗೆ ತಿಳಿಯಬಾರದ ಮಾತೇ ಬಂತು ಎಂದರ್ಥ. ಭಾನುವಾರದ ಡ್ಯೂಟಿ, ತಡವಾಗುವ ಸಂಬಳ, ಎಲ್ಲವೂ ಕನ್ನಡದಲ್ಲೇ. ಹಾಳಾದ ಭಾಷಾಭಿಮಾನ!

ಒಂಬತ್ತನೇ ತರಗತಿಗೆ ಮಾತಿನ ಪರೀಕ್ಷೆ ಇಡುವುದು ಸುಮತಿಯ ಹಟ. ಮಕ್ಕಳು ತಮ್ಮ ಬೀದಿಯಲ್ಲಿ ಕಂಡದ್ದನ್ನು ಎಲ್ಲರಿಗೂ ತಿಳಿಯುವಂತೆ ಇಂಗ್ಲಿಷಿನಲ್ಲಿ ಹೇಳಬೇಕು, ಪ್ರಶ್ನೆಗೆ ಉತ್ತರ ಕೊಡಬೇಕು. ಇನ್ನೊಬ್ಬರ ಮಾತನ್ನು ಗಮನವಿಟ್ಟು ಕೇಳಿಸಿಕೊಂಡವರಿಗೂ ಅಂಕವುಂಟು. ಕೇಳೋಕೆ ಬರದವರಿಗೆ ಹೇಳೋಕೂ ಬರಲ್ಲ ಎಂದು ಅವಳು ಪ್ರತಿ ಸಲವೂ ಸಾರುವಳು. ಮೊದಲು ಬಂದವರು ಗಿಂಡಿ ಬಡಾವಣೆಯಲ್ಲಿ ನಡೆಯುವ ಶಾಲೆಗಳ ಸ್ಪರ್ಧೆಗೆ ಹೋಗುತ್ತಾರೆ.

ಈ ಸಲ ಅಕ್ಷಯಾ ಎದ್ದು ನಿಂತಳು. ಪಕ್ಕದವರಿಗೂ ಕೇಳದಂತೆ ಗುನುಗುತ್ತಿದ್ದ ಹುಡುಗಿ. ವರ್ಷವಿಡೀ ಬೆನ್ನು ಹತ್ತಿ ಅವಳ ಬಾಯಿ ಬಿಡಿಸಿದ್ದು ಸುಮತಿಯೇ. ಹಿಂದಿನ ಬೀದಿಯ ಮಳೆನೀರಿನ ಚರಂಡಿಗೆ ಯಾರೋ ಗಲೀಜು ನೀರು ಬಿಡುತ್ತಾರೆ, ಮಳೆ ಬಂದರೆ ಅದು ನಮ್ಮ ಅಡುಗೆಮನೆಗೇ ನುಗ್ಗುತ್ತದೆ ಎಂದಳು. ಯಾರು ಬಿಡೋದು ಎಂದು ಯಾರೋ ಕೇಳಿದರು. ಅವಳು ಪೈಪಿನ ಫೋಟೋ ತೋರಿಸಿದಳು. ಪೈಪು ಇದೇ ಶಾಲೆಯ ಕಾಂಪೌಂಡಿನಿಂದ ಹೊರಟಿತ್ತು. ಸುಮತಿಗೆ ಹೆಮ್ಮೆಯಿಂದ ಎದೆ ತುಂಬಿ ಬಂತು. ಪೂರ್ತಿ ಅಂಕ ಬರೆದೇಬಿಟ್ಟಳು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕೃಷ್ಣಪ್ರಸಾದರು ಚಪ್ಪಾಳೆ ತಟ್ಟುತ್ತ ಒಳಬಂದರು. "ವೆರಿ ಗುಡ್!" ಎಂದರು. ಮೇಜಿನ ಬಳಿ ಬಂದು, ಅದೇ ನಗುಮುಖದಲ್ಲಿ ಕನ್ನಡಕ್ಕಿಳಿದರು.

"ಏನಮ್ಮಾ, ಉಂಡ ಮನೆಗೇ ಎರಡು ಬಗೀತೀಯಾ? ಇವಳು ಗಿಂಡಿಗೆ ಹೋಗಿ ಊರಿಗೆಲ್ಲ ಡಂಗುರ ಸಾರಲಿ ಅಂತಾನಾ? ಮಾರ್ಕ್ಸ್ ಇಳಿಸು. ಇಂಗ್ಲಿಷ್ ಸರಿ ಇಲ್ಲ ಅಂತ ಏನಾದ್ರೂ ಹೇಳು. ನಿನ್ನ ಕಾಯಂ ಆರ್ಡರ್‌ಗೆ ನಾನಿನ್ನೂ ಸೈನ್ ಹಾಕಿಲ್ಲ, ನೆನಪಿರಲಿ."

"ಸರ್, ಅವಳು ಹೇಳಿದ್ರಲ್ಲಿ ಸುಳ್ಳೇನೂ ಇಲ್ವಲ್ಲ..."

"ಸುಳ್ಳು ಅಂತ ನಾನೆಲ್ಲಿ ಹೇಳ್ದೆ?"

ಸುಮತಿ ತಲೆ ತಗ್ಗಿಸಿದಳು. "ಆಗ್ಲಿ ಸರ್" ಎಂದಳು. ಥೂ, ಅಷ್ಟು ಹೊತ್ತು ಮಕ್ಕಳಿಗೆ ಧೈರ್ಯ ಹೇಳಿಕೊಟ್ಟ ಬಾಯಿಗೆ ಸಿಕ್ಕಿದ್ದು ಇಷ್ಟೇ!

ಅವರು ಹೋದಮೇಲೆ ಅಂಕ ಹೊಡೆದುಹಾಕಿದಳು. ಅಕ್ಷಯಾಳನ್ನು ಕರೆದು, ನಿನ್ನ ಇಂಗ್ಲಿಷು ಇನ್ನೂ ಸುಧಾರಿಸಬೇಕು, ಗಿಂಡಿಗೆ ಶ್ರೀಯಾ ಹೋಗಲಿ ಎಂದು ತಮಿಳಿನಲ್ಲಿ ಹೇಳಿದಳು. ಮರ ಬೆಳೆಸಿ, ನಾಡು ಉಳಿಸಿ ಎಂದು ಗಿಣಿಪಾಠ ಒಪ್ಪಿಸಿದವಳು ಶ್ರೀಯಾ.

ಅಕ್ಷಯಾಳನ್ನು ಸುಮತಿ ತಮಿಳರ ಹುಡುಗಿಯೆಂದೇ ತಿಳಿದಿದ್ದಳು. ಈಗ ಆ ಹುಡುಗಿ ತಡವರಿಸುತ್ತ ಕನ್ನಡದಲ್ಲಿ ಮಾತಾಡಿದಳು.

"ಮಿಸ್, ನಮ್ಮ ಮನೇಲಿ ಅಜ್ಜಿ ಕನ್ನಡಾನೇ ಮಾತಾಡೋದು. ಸರ್ ಹೇಳಿದ್ದು ಎಲ್ಲಾ ಕೇಳಿಸ್ಕೊಂಡೆ. ಕೇಳಿಸ್ಕೊಂಡಿದ್ದಕ್ಕೂ ಮಾರ್ಕ್ ಉಂಟಲ್ವಾ?"

ಆ ತಿಂಗಳ ಕೊನೆಗೆ ಸುಮತಿಯ ಕೆಲಸ ಕಾಯಂ ಆಯಿತು. ಅಕ್ಷಯಾ ಅವಳ ತರಗತಿಯಲ್ಲಿ ಮತ್ತೆ ಬಾಯಿಬಿಡಲಿಲ್ಲ.