ಎಲಿಷಾನ ಸಾಲು

ಸೊಲ್ಲಾಪುರದಲ್ಲಿ ಚಾದರಗಳಿಗೆ ಅಂಚು ಹೊಲಿಯುವ ರೂತಬಾಯಿಗೆ ಕಾಯುವುದು ಹೊಸದಲ್ಲ. ಅವಳ ಗಂಡ ಎಲಿಷಾ ತನ್ನ ಮದುವೆಗೂ ತಡವಾಗಿ ಬಂದವನು. ಆದರೆ ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ ಮನೆಮನೆ ತಿರುಗುವ ಹಾಡಿನ ತಂಡದಲ್ಲಿ, ಪ್ರಭುವನ್ನು ಕರೆಯುವ ಸಾಲನ್ನು ಅವನೊಬ್ಬನೇ ದಪ್ಪ ದನಿಯಲ್ಲಿ ಎತ್ತುತ್ತಿದ್ದ. ಈ ಆಗಸ್ಟಿನಲ್ಲಿ ತೀರಿಕೊಂಡ.

ಡಿಸೆಂಬರಿನ ಒಂದು ಸಂಜೆ ಅವಳು ತಂಡಕ್ಕೆಂದು ಚಹಾಕ್ಕಿಟ್ಟು ಕಾಯುತ್ತ ಕೂತಳು. ತಂಡ ಪಕ್ಕದ ಮನೆಯಲ್ಲಿ ಹಾಡಿ, ಅವಳ ಬಾಗಿಲೆದುರು ಢೋಲಕಿ ನಿಲ್ಲಿಸಿ, ತಲೆತಗ್ಗಿಸಿ ದಾಟಿತು.

"ಯಾಕೋ ಅವಿನಾಶ, ನನ್ನ ಮನಿ ಕಾಣಂಗಿಲ್ಲೇನ?"

"ಸೂತಕದ ಮನಿ ಅಲ್ರಿ ಮಾವಶಿ, ವರ್ಷಾ ತುಂಬ್ಲಿ ಅಂತ..." ತಂಡದ ಮುಖಂಡ ತಡವರಿಸಿದ.

"ಸತ್ತವರು ಏಳ್ತಾರಂತ ಹಾಡೋ ಮಂದಿಗಿ ಎಲ್ಲೀ ಸೂತಕೋ? ಈ ವರ್ಷ ನನ್ನ ಮನಿ ಬಿಟ್ಟು ಹುಟ್ಟಂತ ಯೇಸಪ್ಪಗ ಹೇಳೀರೇನ? ಬರ್ರಿ ಒಳಗ!"

ನಾಚಿಕೊಂಡು ಬಂದು ಹಾಡಿದರು. ಎಲಿಷಾನ ಸಾಲು ಬಂದಾಗ ಹಳೆಯ ರೂಢಿಯಂತೆ ಎಲ್ಲರೂ ಅವನಿಗಾಗಿ ದನಿ ನಿಲ್ಲಿಸಿದರು, ಯಾರೂ ಎತ್ತಲಿಲ್ಲ. ಆ ಮೌನದಲ್ಲಿ, ಹೊಸ್ತಿಲಾಚೆ ಎಲಿಷಾ ಗಂಟಲು ಸರಿಮಾಡಿಕೊಂಡದ್ದು ರೂತಬಾಯಿಗೆ ಸ್ಪಷ್ಟವಾಗಿ ಕೇಳಿಸಿತು. ಸತ್ತರೂ ತಡ ಮಾಡುವ ಚಾಳಿ ಬಿಟ್ಟಿಲ್ಲ.

ಚಳಿಯೆಂದು ಅವಿನಾಶ ಬಾಗಿಲು ಮುಚ್ಚಲು ಎದ್ದ.

"ತೆರದ ಇರ್ಲಿ," ಎಂದು, ಆ ಸಾಲನ್ನು ಅವಳೇ ನಿಧಾನವಾಗಿ ಎತ್ತಿದಳು.