ಚೀಟಿಯಲ್ಲಿ ಅಮ್ಮ ಮೊದಲು

ನೊಣ ಸಾಕೋದೂ ಒಂದು ಕೆಲಸವಾ ಅಂತ ನಗಬೇಡಿ. ಆ ಪ್ರಯೋಗಾಲಯದಲ್ಲಿ ಹಣ್ಣುನೊಣ ಸಾಕುವ ನೊಣದಕ್ಕ ಒಂದು ವಾರ ರಜೆ ಹಾಕಿದರೆ ಸಾಕು, ಉದ್ದುದ್ದ ಪದವಿಯವರೆಲ್ಲ ಕೈಕಟ್ಟಿ ಕೂರಬೇಕು. ಜೋಳದ ಹಿಟ್ಟು, ಸಕ್ಕರೆ, ಯೀಸ್ಟ್ ಹಾಕಿ ನೊಣಗಳಿಗೆ ಗಂಜಿ ಕಾಯಿಸಿ, ಸೀಸೆಗೆ ಹೊಯ್ದು, ಬಾಯಿಗೆ ಹತ್ತಿ ತುರುಕುವವಳು ಅವಳೇ. ಅವಳಿಗಿಂತ ಮುಂಚೆ ಆ ಕೆಲಸದಲ್ಲಿದ್ದವಳು ಅವಳಮ್ಮ. ಸೀಸೆಯ ಚೀಟಿಯಲ್ಲಿ ತಾಯಿನೊಣ ಯಾವ ತಳಿಯದು ಅಂತ ಮೊದಲು ಬರೆಯಬೇಕು, ಅಪ್ಪನದು ಆಮೇಲೆ. ಅಮ್ಮ ಕಲಿಸಿಹೋದ ಪಾಠ ಇದು.

ಅಲ್ಲಿಗೆ ಬಂದು ವಕ್ಕರಿಸಿದ ಒಬ್ಬ ಹೊಸ ವಿಜ್ಞಾನಿ. ಇಸ್ತ್ರಿ ಮುರಿಯದ ಅಂಗಿ, ಮೂಗಿನ ತುದಿಯಲ್ಲಿ ಕೋಪ. ಹೊರಗಿನ ತೋಟದಲ್ಲಿ ಹಿಡಿದು ತಂದ ಕಾಡುನೊಣಗಳನ್ನು ಪ್ರಯೋಗಾಲಯದ ಹಳೇ ತಳಿಯ ಜೊತೆ ಕೂಡಿಸು ಅಂದ.

"ಅಮ್ಮ ಯಾವ ತಳಿ, ಅಪ್ಪ ಯಾವ ತಳಿ ಸಾರ್?"

"ಯಾವುದಾದ್ರೇನು? ಇಬ್ಬರಿಂದಲೂ ಅರ್ಧರ್ಧ ತಾನೇ ಬರೋದು!" ಅಂದವನೇ ಅವಳು ಬರೆಯತೊಡಗಿದ್ದ ಚೀಟಿ ಹರಿದು ಬುಟ್ಟಿಗೆಸೆದ. "ನಿಮ್ಮಮ್ಮನ ಕಾಲದ ಪದ್ಧತಿ ಇಲ್ಲಿ ಬೇಡ." ಗಂಡು ಕಾಡುನೊಣಗಳನ್ನು ಹಳೇ ತಳಿಯ ಹೆಣ್ಣುಗಳ ಸೀಸೆಗೆ ತಾನೇ ಸುರಿದ.

ಮಕ್ಕಳೇನೋ ಗುಂಡುಗುಂಡಾಗೇ ಹುಟ್ಟಿದವು. ಆದರೆ ಒಂದೂ ಮೊಟ್ಟೆ ಇಡಲಿಲ್ಲ. ಸೀಳಿ ನೋಡಿದರೆ ಅಂಡಾಶಯ ಮುರುಟಿಹೋಗಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಮ್ಮ ಮಹಾಶಯನಿಗೆ ಡೊಂಕಾಗಿ ಕಂಡಿದ್ದು ಗಂಜಿ. "ಇವಳ ಗಂಜಿಯಿಂದಲೇ ಹಾಳಾಯಿತು, ಕೆಲಸದಿಂದ ತೆಗೀರಿ" ಅಂತ ನಿರ್ದೇಶಕಿಗೆ ಕಾಗದ ಬರೆದ. ಇಪ್ಪತ್ತೆರಡು ವರ್ಷ ದುಡಿದವಳ ಅನ್ನಕ್ಕೇ ಕಲ್ಲು!

ನೊಣದಕ್ಕ ಅಳಲಿಲ್ಲ, ಉರಿದಳು. ನಿರ್ದೇಶಕಿಯ ಮುಂದೆ ನಿಂತು, "ಮೂರು ವಾರ ಕೊಡಿ ಮೇಡಂ. ನನ್ನ ತಪ್ಪಾದ್ರೆ ನಾನೇ ಹೋಗ್ತೀನಿ" ಅಂದಳು. ಒಂದೇ ಪಾತ್ರೆಯ ಗಂಜಿ, ಒಂದೇ ಬೆಚ್ಚನೆಯ ಕಪಾಟು, ಎರಡು ಸೀಸೆ. ಒಂದರಲ್ಲಿ ಅವನು ಮಾಡಿದ ಹಾಗೇ ಕಾಡುನೊಣ ಅಪ್ಪ, ಹಳೇ ತಳಿಯವಳು ಅಮ್ಮ. ಇನ್ನೊಂದರಲ್ಲಿ ಕಾಡುನೊಣ ಅಮ್ಮ, ಹಳೇ ತಳಿಯವನು ಅಪ್ಪ.

ಮೂರು ವಾರಕ್ಕೆ ಮೊದಲ ಸೀಸೆಯ ಹೆಣ್ಣುಮಕ್ಕಳದು ಮತ್ತೆ ಬಂಜೆತನ. ಎರಡನೆಯದರ ಹೆಣ್ಣುಮಕ್ಕಳು ಇಟ್ಟ ಮೊಟ್ಟೆಗಳೊಡೆದು, ಮರಿಹುಳಗಳ ಸಂತೆಯಲ್ಲಿ ಗಂಜಿಯೇ ಕಾಣುತ್ತಿರಲಿಲ್ಲ.

"ಅದು ಹೇಗೆ?" ಅಂದ ವಿಜ್ಞಾನಿ.

"ಕಾಡುನೊಣದಲ್ಲಿ ಪುಂಡು ಜೀನುಗಳಿವೆ ಸಾರ್, ಕೂತಲ್ಲಿ ಕೂರಲ್ಲ. ಎಲ್ಲೆಂದ್ರಲ್ಲಿ ಹಾರಿ ಕೂತು ಕೆಡಿಸ್ತವೆ. ಅವುಗಳ ಬಾಯಿ ಮುಚ್ಚಿಸೋ ಪುಟ್ಟ ಆರ್‌ಎನ್‌ಎಗಳನ್ನ ಅಮ್ಮ ಮೊಟ್ಟೆಯೊಳಗೇ ಬುತ್ತಿ ಕಟ್ಟಿ ಕಳಿಸ್ತಾಳೆ. ಅಪ್ಪ ಕಳಿಸೋದು ಪುಂಡರನ್ನ ಮಾತ್ರ. ಹಳೇ ತಳಿಯ ಅಮ್ಮ ಅವರ ಮುಖಾನೇ ಕಂಡವಳಲ್ಲ, ಬುತ್ತಿ ಎಲ್ಲಿಂದ ತರ್ತಾಳೆ?" ಅಂದಳು. "ಇಲ್ಲಿ ಪಾಠ ನಡೆಯೋವಾಗ ಸೀಸೆ ತೊಳೀತಿದ್ದೆ. ಕಿವಿ ಮುಚ್ಕೊಂಡಿರಲಿಲ್ಲ."

"ನಾನೂ ಹಾಗೇ ಅಂದ್ಕೊಂಡಿದ್ದೆ," ಅಂದ ಅವನು. ಥೂ! ಮೂರೂ ಬಿಟ್ಟವನು ಊರಿಗೆ ದೊಡ್ಡವನು ಅನ್ನೋದು ಇಂಥವರನ್ನೇ.

ನಿರ್ದೇಶಕಿ ಅವನ ಕಾಗದವನ್ನು ಅವನ ಕೈಗೇ ವಾಪಸು ಕೊಟ್ಟರು. "ಇನ್ನೂರು ಸೀಸೆಗೂ ಹೊಸ ಚೀಟಿ ನೀವೇ ಬರೀರಿ. ಅಕ್ಕ ನೋಡಿ ಸರಿ ಅಂದ ಮೇಲೆ ಅಂಟಿಸಿ."

ಮೂರನೇ ಚೀಟಿಯಲ್ಲೇ ಅಪ್ಪ ಮೊದಲು ಬಂದಿದ್ದ. ನೊಣದಕ್ಕ ಅದನ್ನು ಅವನೆದುರಿಗೇ ಹರಿದು ಬುಟ್ಟಿಗೆಸೆದಳು.

"ಇನ್ನೊಂದು ಬರೀರಿ ಸಾರ್. ನಮ್ಮಮ್ಮನ ಕಾಲದ ಪದ್ಧತಿ."