ದನವಿಲ್ಲದ ಮನೆಗಳ ಪಾಲು

ನೆಲದಾಳದ ಬಂಡೆಯಿಂದ ಬರಲಿ, ಹಟ್ಟಿಯ ಸಗಣಿಯಿಂದ ಬರಲಿ, ಹೊಸ ಅನಿಲವೊಂದು ಊರಿಗೆ ಬಂದಾಗ ಯಾರ ಒಲೆ ಉರಿಯುತ್ತದೆ, ಯಾರದು ಆರುತ್ತದೆ ಎಂದು ಮನೆಮನೆಗೆ ನಡೆದು ವಿಚಾರಿಸಿದ ಅರ್ಥಶಾಸ್ತ್ರಜ್ಞರು ನಮ್ಮ ಹಾಸನ ಸೀಮೆಯಲ್ಲಿ ಪ್ರೊ. ಚಂದ್ರಮೌಳಿಯವರು. ಚನ್ನರಾಯಪಟ್ಟಣ, ಹೊಳೆನರಸೀಪುರಗಳಲ್ಲಿ ಮೂವತ್ನಾಲ್ಕು ವರ್ಷ ಪಾಠ ಹೇಳಿ ನಿವೃತ್ತರಾಗುತ್ತಿರುವ ಅವರಿಗೊಂದು ನೇಮವಿತ್ತು: ಬರೆದುಕೊಂಡ ಉತ್ತರವನ್ನು ಆ ಮನೆಯ ಜಗಲಿಯಲ್ಲೇ ಗಮಕಿಯಂತೆ ಗಟ್ಟಿಯಾಗಿ ಓದಿ, ಮನೆಯವರು ಒಪ್ಪಿದ ಮೇಲಷ್ಟೇ ಏಳುವುದು.

ಜಾತಿ ಕೇಳಿದವರು ಯಾರೂ ಬಾಡಿಗೆಗೆ ಕೋಣೆ ಕೊಡದಿದ್ದಾಗ ಶಿಷ್ಯ ಕೀರ್ತಿರಾಜನನ್ನು ಅವರು ತಮ್ಮ ಮನೆಯಲ್ಲೇ ಎರಡು ವರ್ಷ ಇರಿಸಿಕೊಂಡರು; ಪತ್ನಿ ಬಸವಲಿಂಗಮ್ಮನವರು ಮಗನೊಡನೆಯೇ ಕೂರಿಸಿ ಉಣ್ಣಲಿಕ್ಕಿದರು.

ಮುಂದೆ ಹಳ್ಳಿಮೈಸೂರಿನ ಹತ್ತಿರ ಸಗಣಿ ಅನಿಲದ ಘಟಕ ಬರುವುದೆಂದಾದಾಗ ಗುರುಗಳು ವಹಿಸಿಕೊಂಡ ಸಮೀಕ್ಷೆಯಲ್ಲಿ ಮನೆ ಸುತ್ತುವ ಹೊಣೆ ಕೀರ್ತಿರಾಜನ ಪಾಲಿಗೆ ಬಂತು. ನಮೂನೆಯ ಮೊದಲ ಪ್ರಶ್ನೆ, ‘ದನ ಎಷ್ಟು?’ ಇಲ್ಲವೆಂದ ಮನೆಗಳಿಗೆಲ್ಲ ಅವನು ‘ಪರಿಣಾಮವಿಲ್ಲ’ ಎಂದು ಬರೆದು ಮುಂದೆ ನಡೆದ, ಓದಿ ಹೇಳಲಿಲ್ಲ. ಅವುಗಳಲ್ಲಿ ಅವನ ದೊಡ್ಡವ್ವ ಮಲ್ಲಿಗಮ್ಮನ ಮನೆಯೂ ಇತ್ತು. ಕಂಡವರ ಕೊಟ್ಟಿಗೆ ಗುಡಿಸಿ, ಕೂಲಿಯ ಬದಲು ಸಗಣಿ ಹೊತ್ತು ತಂದು, ಬೆರಣಿ ತಟ್ಟಿ ಮಾರಿ ಅವನನ್ನು ಓದಿಸಿದವಳು ಆಕೆ.

ಘಟಕ ಬಂತು. ಹಸು ಕಟ್ಟಿದವರಿಗೆ ಸಗಣಿಯಿಂದಲೂ ಆದಾಯ, ಟ್ರ್ಯಾಕ್ಟರಿನವರಿಗೆ ಬಾಡಿಗೆ. ಮಲ್ಲಿಗಮ್ಮನಿಗೆ ಕೊಟ್ಟಿಗೆಗಳ ಬಾಗಿಲು ಮುಚ್ಚಿತು. ಊರ ಸಭೆಯಲ್ಲಿ ಆಕೆ ಎದ್ದು ನಿಂತಳು.

“ನಮ್ಮನ್ನ ಯಾರ್ ಕೇಳಿದ್ರು ಸಾ? ಒಬ್ಬ ಬಂದಿದ್ದ. ದನ ಐತಾ ಅಂದ, ಇಲ್ಲ ಅಂದೆ, ಅಂಗೇ ಓಗ್ಬುಟ್ಟ. ಕಾಪಿನೂ ಕುಡೀನಿಲ್ಲ.”

“ಅವ್ರು ದನ ಎಣ್ಸಕ್ ಬಂದಿದ್ರು ಕಣಕ್ಕ, ನಿನ್ನನ್ನಲ್ಲ,” ಎಂದ ಹಿಂದೆ ಕೂತಿದ್ದ ಚಿಕ್ಕಯ್ಯ. ಸಭೆ ನಕ್ಕಿತು.

ಬಂದವನ ಹೆಸರನ್ನು ಆಕೆ ಹೇಳಲಿಲ್ಲ. ಅವನತ್ತ ನೋಡಲೂ ಇಲ್ಲ. ಎರಡನೇ ಸಾಲಿನಲ್ಲಿದ್ದ ಕೀರ್ತಿರಾಜ್ ತಲೆ ಬಗ್ಗಿಸಿ ತನ್ನ ಚಪ್ಪಲಿ ನೋಡುತ್ತ ಕುಳಿತ. ಎದ್ದು ಕೈಮುಗಿದವರು ಚಂದ್ರಮೌಳಿಯವರು.

“ತಪ್ಪು ನಂದು ಕಣಮ್ಮ. ನಾನೇ ಬರಬೇಕಿತ್ತು.”

ಮರುದಿನದಿಂದಲೇ ದನವಿಲ್ಲದ ನೂರ ಹನ್ನೆರಡು ಮನೆಗಳಿಗೆ ಅವರು ಶಿಷ್ಯನನ್ನು ಕರೆದುಕೊಂಡು ನಡೆದರು. ಮಲ್ಲಿಗಮ್ಮನ ಬಾಗಿಲು ಬಂದಾಗ ಮಾತ್ರ ಅವನು ಬೀದಿಯಲ್ಲೇ ನಿಂತ. ಒಂದು ಕಟುಮಾತೂ ಆಡಲಿಲ್ಲ. ತಿದ್ದಿದ ವರದಿಯಲ್ಲಿ ಲೋಪದ ಹೊಣೆ ತಮ್ಮದೆಂದೇ ಬರೆದರು. ಅದೇ ವರದಿಯ ಬಲದಿಂದ ಕೀರ್ತಿರಾಜ್ ಇಂದು ಅರಕಲಗೂಡಿನಲ್ಲಿ ಉಪನ್ಯಾಸಕ. ಸಗಣಿಯಲ್ಲಿ ಆ ಮನೆಗಳಿಗೂ ಪಾಲಿರಲಿ ಎಂಬ ಗುರುಗಳ ಸಲಹೆಗೆ ಘಟಕದವರು ಇನ್ನೂ ಉತ್ತರಿಸಿಲ್ಲ.

ಗುರುಗಳ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟಕ್ಕೆ ಹೊಗಳಿಕೆಯ ನಾಲ್ಕು ಮಾತು ಕೇಳಿದಾಗ ಕೀರ್ತಿರಾಜ್ ಇಷ್ಟನ್ನು ಹೇಳಿ, ತನ್ನ ಹೆಸರಿನೊಡನೆಯೇ ಅಚ್ಚಾಗಲಿ ಎಂದ. ಇನ್ನೂ ವಿಚಾರಿಸದೆ ಉಳಿದಿರುವ ಮಲ್ಲಿಪಟ್ಟಣದ ಸುತ್ತಲ ಮನೆಗಳನ್ನೂ ನಡೆದು ಮುಗಿಸುವಷ್ಟು ಆಯುಸ್ಸು, ಕಾಲಿನ ಕಸುವು ಗುರುಗಳಿಗೆ ಭಗವಂತ ಕರುಣಿಸಲಿ. ಶಿಷ್ಯನಿಗೆ ಬೇಡುವುದು ಒಂದೇ ಮನೆಯ ನಡಿಗೆ: ಅಚ್ಚಿನಲ್ಲಿ ಒಪ್ಪಿಕೊಂಡವನು ದೊಡ್ಡವ್ವನ ಬಾಗಿಲಿಗೆ ಇನ್ನೂ ಹೋಗಿಲ್ಲ.